ಗುಬ್ಬಿ ಬಸ್ಸಿನಲ್ಲಿ ಪಟ್ಟಾಭಿಯ ಕರ್ಚೀಫು

ತುಮಕೂರಿನ ಪಟ್ಟಾಭಿರಾಮನಿಗೆ ಹವ್ಯಾಸ ಎಂಬುದೊಂದು ಇಲ್ಲ ಎನ್ನುವ ಸಂಗತಿ ಬೆಳಕಿಗೆ ಬಂದದ್ದು ಕುಣಿಗಲ್‌ನಲ್ಲಿ, ಊಟದ ಎಲೆಯ ಮುಂದೆ, ಚಿತ್ರಾನ್ನಕ್ಕೂ ಹೋಳಿಗೆಗೂ ನಡುವೆ. ಅಲ್ಲಿಯವರೆಗೆ ಈ ಕೊರತೆಯನ್ನು ಒಳಗಿಟ್ಟುಕೊಂಡೇ ಅವನು ನಲವತ್ತಾರು ವರ್ಷ ಆರೋಗ್ಯವಾಗಿ ಬದುಕಿದ್ದ. ಬಿ.ಪಿ. ಇರಲಿಲ್ಲ, ಶುಗರ್ ಇರಲಿಲ್ಲ, ಹವ್ಯಾಸವೂ ಇರಲಿಲ್ಲ.

ಅಂದು ಅವನ ಷಡ್ಡಕ ವಿಜಯೀಂದ್ರನ ಗೃಹಪ್ರವೇಶ. ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ. ನಾವು ಒಂದು ಮಹಡಿ ಕಟ್ಟಿಸಿದರೆ ಎರಡು ಕಟ್ಟಿಸಿ, ಮೇಲಿನದರಲ್ಲಿ ನಿಂತು ನಮಗೆ ಕೈಬೀಸುವುದಕ್ಕೆಂದೇ ಹುಟ್ಟಿದವನು. ಈ ವಿಜಯೀಂದ್ರ ಆ ಮೇಲಿನ ಮಹಡಿಯಲ್ಲಿ ಜೇನು ಬೇರೆ ಸಾಕಿದ್ದ. ಬಂದವರಿಗೆಲ್ಲ ತಾಂಬೂಲದ ಜೊತೆ ಪುಟ್ಟ ಜೇನಿನ ಬಾಟಲಿ. ಬಾಟಲಿಯ ಮೇಲೆ ಜೇನುಹುಳದ ಚಿತ್ರ ಇರಬೇಕಾದ ಕಡೆ ವಿಜಯೀಂದ್ರನ ಫೋಟೋ, ಅವನೇ ಖುದ್ದಾಗಿ ಹೂವಿನಿಂದ ಹೂವಿಗೆ ಹಾರಿ ಹೀರಿಕೊಂಡು ಬಂದಿದ್ದಾನೋ ಎಂಬ ಹಾಗೆ.

"ಮನುಷ್ಯನಿಗೆ ಒಂದು ಹಾಬಿ ಅಂತ ಇರ್ಬೇಕು ನೋಡಿ," ಎಂದ ವಿಜಯೀಂದ್ರ ಪಂಕ್ತಿಯ ಮಧ್ಯೆ ನಿಂತು. "ಇಲ್ದಿದ್ರೆ ಮನೆಯಿಂದ ಆಫೀಸು, ಆಫೀಸಿಂದ ಮನೆ. ಅದೇನು ಜೀವನಾನಾ, ಸಿಟಿ ಬಸ್ಸಾ? ಅಂದ ಹಾಗೆ ಪಟ್ಟಾಭಿ ಅಣ್ಣ, ನಿಮ್ಮ ಹಾಬಿ ಏನು?"

ಪಂಕ್ತಿ ಪೂರ್ತಿ ಪಟ್ಟಾಭಿಯ ಕಡೆ ತಿರುಗಿತು. ತುಪ್ಪ ಬಡಿಸುತ್ತಿದ್ದವನ ಸೌಟು ಗಾಳಿಯಲ್ಲೇ ನಿಂತಿತು. ಪಟ್ಟಾಭಿ ಹಿಂದಿನ ರಾತ್ರಿ ಫೋನಿನಲ್ಲಿ, ಮನೆಯಲ್ಲೇ ಕೂತು ವಿಡಿಯೋ ಗೇಮ್ ತಯಾರಿಸುವುದು ಹೇಗೆ ಎಂಬ ಪಾಠವೊಂದನ್ನು ಅರ್ಧ ನೋಡಿ ನಿದ್ದೆಹೋಗಿದ್ದ. ಆ ಅರ್ಧ ಈಗ ಅವನ ಕೈಹಿಡಿಯಿತು.

"ವಿಡಿಯೋ ಗೇಮು," ಎಂದ.

"ಆಡ್ತೀರಾ? ಈ ವಯಸ್ಸಲ್ಲಿ?"

"ಆಡೋದು ಮಕ್ಳು ಕಣಯ್ಯ. ನಾನು ಮಾಡ್ತೀನಿ."

ಎದುರು ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ ಅಮೂಲ್ಯಾಳ ಕೈಯಲ್ಲಿದ್ದ ಹೋಳಿಗೆ ಬಾಯಿಗೆ ಹೋಗದೆ ಅಲ್ಲೇ ಉಳಿಯಿತು. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡ ಏನನ್ನಾದರೂ ಮಾಡಿದನೆಂಬ ಸುದ್ದಿ ಅವಳಿಗೆ ಹೊರಗಿನವರಿಂದ ಬಂದದ್ದು ಇದೇ ಮೊದಲು.

"ಎಂಥಾ ಗೇಮು?" ಎಂದ ವಿಜಯೀಂದ್ರ ಬಿಡದೆ.

ಎಂಥದ್ದೆಂದು ಪಟ್ಟಾಭಿಗೇ ಇನ್ನೂ ಗೊತ್ತಿರಲಿಲ್ಲ. ಧೈರ್ಯ ಮಾತ್ರ ಬೇಕಾದಷ್ಟಿತ್ತು. "ಗೌರಿ ಹಬ್ಬಕ್ಕೆ ಎಲ್ಲಾರೂ ನಮ್ಮನೆಗೆ ಬನ್ನಿ, ತೋರಿಸ್ತೀನಿ," ಎಂದು ಹೇಳಿ, ಎಲೆಯ ಕಡೆ ಬಗ್ಗಿ, ಗೆದ್ದವನ ಹಾಗೆ ಚಿತ್ರಾನ್ನ ಕಲಸತೊಡಗಿದ.

ಅಮೂಲ್ಯಾ ಸುಮ್ಮನಿರುವವಳಲ್ಲ. "ಕೇಳಿಸ್ಕೊಂಡ್ರಲ್ಲಾ ಎಲ್ಲಾರೂ? ಗೌರಿ ಹಬ್ಬಕ್ಕೆ ಗೇಮು ತೋರಿಸ್ಲಿಲ್ಲ ಅಂದ್ರೆ ಆ ಲ್ಯಾಪ್‌ಟಾಪು ಪ್ರಿಯಾಂಕಂಗೆ. ಎಂಜಿನಿಯರಿಂಗ್ ಓದೋ ಮಗಳು ಪ್ರಾಜೆಕ್ಟ್ ಮಾಡಕ್ಕೆ ಸ್ನೇಹಿತೆ ಮನೆಗೆ ಹೋಗ್ತಾಳೆ, ಇವ್ರು ಅದ್ರಲ್ಲಿ ಕ್ರಿಕೆಟ್ ಸ್ಕೋರ್ ನೋಡ್ತಾರೆ."

ಆಗ ಪಟ್ಟಾಭಿಯ ಗಂಟಲಿನಲ್ಲಿ ಚಿತ್ರಾನ್ನದ ಕಡಲೆಬೀಜ ಸಿಕ್ಕಿಕೊಂಡಿತು. ತುಮಕೂರಿನ ಎಸ್.ಎಸ್. ಪುರಂನ ಅವನ ಮನೆಯಲ್ಲಿ ಟೀವಿ ರಿಮೋಟು ಹೆಂಡತಿಯದು, ಸ್ಕೂಟರು ಮಗಳದು, ಈಸಿಚೇರು ಬೆಕ್ಕಿನದು. ತನ್ನದು ಅಂತ ಅವನು ಮುಟ್ಟಿ ತೋರಿಸಬಹುದಾದದ್ದು ಎರಡೇ: ಒಂದು ತನ್ನ ಮೂಗು, ಇನ್ನೊಂದು ಆ ಲ್ಯಾಪ್‌ಟಾಪು. ಎರಡರಲ್ಲಿ ಒಂದು ಹೋದರೂ ಮುಖಕ್ಕೆ ಕಳೆ ಇರುವುದಿಲ್ಲ.

ಗೇಮು ಮಾಡುವುದು ಕಷ್ಟವಲ್ಲ, ಎಂಥದ್ದು ಮಾಡಬೇಕೆಂದು ಆರಿಸುವುದೇ ಕಷ್ಟ ಎಂಬುದು ಪಟ್ಟಾಭಿಗೆ ಮೊದಲ ವಾರದಲ್ಲೇ ತಿಳಿಯಿತು. ಮೊದಲು ಯುದ್ಧದ ಗೇಮಿಗೆ ಕೈಹಾಕಿದ.

"ಅಡುಗೆಮನೇಲಿ ಜಿರಳೆ ಕಂಡ್ರೆ ಕುರ್ಚಿ ಹತ್ತೋರು ನೀವು," ಎಂದಳು ಅಮೂಲ್ಯಾ. "ಯಾರನ್ನ ಹೊಡೀತೀರಿ?"

ಅವಳ ಮಾತು ನಿಜವಾಯಿತು. ಗುಂಡು ತಗಲಿ ಬಿದ್ದ ಮೊದಲ ಸೈನಿಕನನ್ನು ನೋಡಿ ಪಟ್ಟಾಭಿ ಅಯ್ಯೋ ಪಾಪ ಎಂದ. ಬಿದ್ದವರು ಸ್ವಲ್ಪ ಹೊತ್ತಿಗೆ ಎದ್ದೇಳುವಂತೆ ಬರೆದ. ಅದಾದ ಮೇಲೆ ಎರಡೂ ಸೈನ್ಯಗಳು ಬೀಳುವುದು, ಏಳುವುದು, ಬೀಳುವುದು, ಏಳುವುದು. ದೂರದಿಂದ ನೋಡಿದರೆ ರಣರಂಗದಂತೆ ಕಾಣದೆ ದೇವಸ್ಥಾನದಲ್ಲಿ ಸಾಷ್ಟಾಂಗ ಹಾಕುವವರ ಸಾಲಿನಂತೆ ಕಂಡಿತು.

ಆಮೇಲೆ ಕುದುರೆ ಪಂದ್ಯ. ಕುಣಿಗಲ್‌ನ ಕುದುರೆ ಫಾರಂ ನೋಡಿಕೊಂಡು ಬಂದ ಹುರುಪಿನಲ್ಲಿ ಒಂದು ಕುದುರೆ ಬರೆದ. ಅದು ಓಡಿತು, ಆದರೆ ಹಿಂದಕ್ಕೆ.

"ಅಪ್ಪಾ, ಪ್ಲಸ್ ಹಾಕೋ ಕಡೆ ಮೈನಸ್ ಹಾಕಿದೀಯ," ಎಂದಳು ಪ್ರಿಯಾಂಕ.

"ಇರ್ಲಿ ಬಿಡು. ಮುಂದಕ್ಕೆ ಓಡೋ ಕುದುರೆ ಎಲ್ಲಾರ ಹತ್ರಾನೂ ಇದೆ. ಇದು ಹೊಸ ಐಡಿಯಾ," ಎಂದ ಪಟ್ಟಾಭಿ ಅಳುಕದೆ. ಕುದುರೆ ಪರದೆಯ ಅಂಚು ದಾಟಿ ಹೋದದ್ದು ಇವತ್ತಿಗೂ ವಾಪಸ್ ಬಂದಿಲ್ಲ.

ಬೇಸಾಯದ ಗೇಮು ಮಾಡೋಣವೆಂದು, ಅವನು ಗುಮಾಸ್ತನಾಗಿದ್ದ ಸಹಕಾರ ಸಂಘಕ್ಕೆ ಬಂದಿದ್ದ ಕಡಬದ ಪುಟ್ಟರಂಗಯ್ಯನನ್ನು ವಿಚಾರಿಸಿದ. ತೆಂಗಿನ ತೋಟ, ರಾಗಿ ಹೊಲ ಎರಡೂ ಇದ್ದ ಆಸಾಮಿ. ಪುಟ್ಟರಂಗಯ್ಯ ಪೂರ್ತಿ ಕೇಳಿಸಿಕೊಂಡು, ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದ: "ಅಲ್ಲ ಸಾಮಿ, ಬೆಳಗ್ಗಿಂದ ತೋಟದಾಗೆ ಗೇಯ್ದು ಸುಸ್ತಾಗಿ ಮನೆಗೆ ಬಂದು, ಫೋನಾಗೂ ಗೇಯಬೇಕಾ? ಅದು ಗೇಮಲ್ಲ ಬುಡಿ, ಗೇಯ್ಮೆ. ಅದ್ರ ಬದ್ಲು ಎಳನೀರು ಕಿತ್ತಾಕೋ ಕೋತೀನ ಅಟ್ಟಿಸ್ಕಂಡು ಹೋಗೋದು ಏನಾರ ಮಾಡಿ, ನಾನೂ ಆಡ್ತೀನಿ."

ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು ಲಕ್ಷ್ಮೀನರಸಿಂಹಯ್ಯನವರು ಕೇಳದೆಯೇ ಸಲಹೆ ಕೊಟ್ಟರು. ಅವರು ಮಾತಾಡಿದರೆ ಪ್ರತಿ ಪದದ ಕೆಳಗೂ ಗೆರೆ ಎಳೆದಂತೆ ಕೇಳಿಸುತ್ತಿತ್ತು. "ಮಗ್ಗಿ. ಮಗ್ಗಿಯ ಗೇಮು ಮಾಡಿ, ಪಟ್ಟಾಭಿರಾಮ್. ಹದಿನೇಳರ ಮಗ್ಗಿ ತಪ್ಪಿದ ಕೂಡಲೇ ಒಬ್ಬ ರಾಕ್ಷಸ ಬರ್ಬೇಕು."

"ರಾಕ್ಷಸ ಹೆಂಗಿರ್ಬೇಕು ಸಾರ್?"

ಲಕ್ಷ್ಮೀನರಸಿಂಹಯ್ಯನವರು ಕನ್ನಡಕ ಮೂಗಿನ ತುದಿಗೆ ಇಳಿಸಿ, ಹುಬ್ಬು ಗಂಟಿಕ್ಕಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿದರು. ಪಟ್ಟಾಭಿಗೆ ರಾಕ್ಷಸ ಹೇಗಿರಬೇಕೆಂದು ಚೆನ್ನಾಗಿ ಗೊತ್ತಾಯಿತು, ಹದಿನೇಳರ ಮಗ್ಗಿಯೂ ಮರೆತುಹೋಯಿತು.

ಹೀಗೆ ಶ್ರಾವಣ ಬಂತು. ಗೇಮು ಮಾತ್ರ ಬರಲಿಲ್ಲ.

ಬಂದದ್ದು ಒಂದು ಸಂಜೆ, ತುಮಕೂರಿನ ಬಸ್ ನಿಲ್ದಾಣದಲ್ಲಿ. ಆಫೀಸು ಮುಗಿಸಿ ಪಟ್ಟಾಭಿ ಅಲ್ಲಿ ಚಹ ಕುಡಿಯುತ್ತ ನಿಂತಿದ್ದ. ಗುಬ್ಬಿ ಬಸ್ಸು ಒಳಗೆ ಬಂತು. ಹೆಂಗಸರಿಗೆ ಟಿಕೆಟ್ಟು ಉಚಿತವಾದ ಮೇಲೆ ಗುಬ್ಬಿ ಬಸ್ಸಿಗೆ ಜನ ಹತ್ತುವುದಿಲ್ಲ, ತುಂಬಿಕೊಳ್ಳುತ್ತಾರೆ. ಬಸ್ಸು ಇನ್ನೂ ಉರುಳುತ್ತಲೇ ಇತ್ತು, ಕಿಟಕಿಗಳ ಮೂಲಕ ಒಳಗೆ ಹಾರತೊಡಗಿದವು: ಕರ್ಚೀಫು, ಟವೆಲ್ಲು, ಊಟದ ಡಬ್ಬಿ, ಕಾಲೇಜಿನ ಬ್ಯಾಗು, ಒಂಟಿ ಚಪ್ಪಲಿ. ಪಟ್ಟಾಭಿಯ ಪಕ್ಕದಲ್ಲಿದ್ದ ದಪ್ಪನೆಯ ಹೆಂಗಸೊಬ್ಬಳು ಸೆರಗು ಸಿಕ್ಕಿಸಿಕೊಂಡು, ಒಂದು ಕಣ್ಣು ಮುಚ್ಚಿ, ಕರ್ಚೀಫನ್ನು ಮುದ್ದೆ ಮಾಡಿ ಬೀಸಿದಳು. ಮೂರನೇ ಕಿಟಕಿ. ಸೀಟಿನ ಮಧ್ಯಕ್ಕೆ ಬಿತ್ತು. ಆಮೇಲೆ ರಾಣಿಯ ಹಾಗೆ ನಿಧಾನವಾಗಿ ಮೆಟ್ಟಿಲು ಹತ್ತಿದಳು. ಮೊದಲೇ ಒಳಗೆ ನುಗ್ಗಿದ್ದ ಗಟ್ಟಿ ಗಟ್ಟಿ ಗಂಡಸರು ಆ ಕರ್ಚೀಫನ್ನು ಕಂಡು ಹಾವು ಕಂಡವರಂತೆ ಸರಿದು ನಿಂತಿದ್ದರು.

ಪಟ್ಟಾಭಿಯ ಕೈಯಲ್ಲಿದ್ದ ಚಹ ಆರಿತು. ಗುರಿ ಇದೆ. ಸಮಯದ ಲೆಕ್ಕ ಇದೆ. ಎದುರಾಳಿಗಳು ಇದ್ದಾರೆ. ರಕ್ತ ಇಲ್ಲ, ಹಿಂದಕ್ಕೆ ಓಡುವ ಕುದುರೆ ಇಲ್ಲ, ಮಗ್ಗಿ ಇಲ್ಲ. ಕಣ್ಣೆದುರೇ ದಿನಾ ನಡೆಯುವ ಗೇಮನ್ನು ಬಿಟ್ಟು ಊರೆಲ್ಲ ಹುಡುಕಿದೆನಲ್ಲ!

ಈ ಗುಟ್ಟನ್ನು ಅವನು ಮನೆಯಲ್ಲಿ ಹೇಳಲಿಲ್ಲ. ಅಮೂಲ್ಯಾಳಿಗೆ ಹೇಳಿದರೆ ಅವಳ ತಂಗಿಗೆ ಹೇಳಿದಂತೆ, ತಂಗಿಗೆ ಹೇಳಿದರೆ ವಿಜಯೀಂದ್ರನಿಗೆ. ಮಾರನೆಯ ವಾರವೇ ಕುಣಿಗಲ್‌ನಿಂದ ಅವನ ಫೋಟೋ ಅಂಟಿಸಿದ ಗೇಮು ಹೊರಬರುತ್ತದೆ. ಹಾಗಾಗಿ ರಾತ್ರಿ ಬಾಗಿಲು ಹಾಕಿಕೊಂಡು ಗೇಮು ಬರೆಯುವುದು, ಸಂಜೆ ನಿಲ್ದಾಣದಲ್ಲಿ ಸಂಶೋಧನೆ ಮಾಡುವುದು ಎಂದು ನಿಶ್ಚಯಿಸಿದ.

ಸಂಶೋಧನೆಯ ಮೊದಲ ಕರ್ಚೀಫು ಒಬ್ಬರ ಬೋಳುತಲೆಯ ಮೇಲೆ ಬಿದ್ದು, ಅವರು ಅದರಲ್ಲೇ ಬೆವರು ಒರೆಸಿಕೊಂಡು ಜೇಬಿಗಿಟ್ಟುಕೊಂಡರು. ಎರಡನೆಯದು ಈ ಕಿಟಕಿಯಿಂದ ಹೋಗಿ ಆ ಕಿಟಕಿಯಿಂದ ಹೊರಬಂದು ಪಕ್ಕದ ಶಿರಾ ಬಸ್ಸಿನಲ್ಲಿ ಸೀಟು ಹಿಡಿಯಿತು. ಕೈ ಪಳಗಿದಂತೆ ಪಟ್ಟಾಭಿ ಸೀಟು ಹಿಡಿಯುವುದು, ಹಿಡಿದ ಸೀಟನ್ನು ಬಿಟ್ಟು ಕೆಳಗಿಳಿಯುವುದು, ಮತ್ತೊಂದು ಬಸ್ಸಿಗೆ ಎಸೆಯುವುದು. ನಿಲ್ದಾಣದ ಕಂಟ್ರೋಲರ್ ಚನ್ನವೀರಯ್ಯ ನಾಲ್ಕು ದಿನ ನೋಡಿ ಐದನೆಯ ದಿನ ಅಡ್ಡ ಬಂದರು.

"ಯಜಮಾನ್ರೇ, ದಿನಾ ಸೀಟ್ ಹಿಡಿತೀರಿ, ಹೋಗೋದೇ ಇಲ್ಲ. ಎಲ್ಲಿಗೆ ಹೋಗ್ಬೇಕು ನೀವು?"

"ಎಲ್ಲಿಗೂ ಇಲ್ಲ."

"ಮತ್ತೆ ಸೀಟು?"

"ಸೀಟು ಬೇಡ. ಹಿಡಿಯೋದು ಬೇಕು."

ಚನ್ನವೀರಯ್ಯ ಸರ್ವಿಸು ಪೂರ್ತಿ ಸೀಟಿಲ್ಲದ ಪ್ರಯಾಣಿಕರನ್ನು ನೋಡಿದವರು. ಪ್ರಯಾಣವಿಲ್ಲದ ಸೀಟುದಾರನನ್ನು ನೋಡಿದ್ದು ಇದೇ ಮೊದಲು. ಆವತ್ತಿಂದ ಮೈಕಿನಲ್ಲಿ ಹೊಸದೊಂದು ಪ್ರಕಟಣೆ, ಮೂಗಿನಲ್ಲಿ ಕೇಳಿಬರತೊಡಗಿತು: "ಪ್ರಯಾಣಿಕರ ಗಮನಕ್ಕೆ. ಕರ್ಚೀಫು ಹಾಕಿದವರು ದಯವಿಟ್ಟು ಬಸ್ಸು ಹತ್ತತಕ್ಕದ್ದು. ಹತ್ತದೆ ಇರುವವರು ದಯವಿಟ್ಟು ಕರ್ಚೀಫು ಹಾಕಬಾರದಾಗಿ ವಿನಂತಿ."

ಮನೆಯಲ್ಲಿ ಬೀರು ಖಾಲಿಯಾಗುತ್ತಿತ್ತು.

"ರೀ, ಡಜನ್‌ಗಟ್ಟಲೆ ಕರ್ಚೀಫ್ ಇತ್ತು. ಎಲ್ಲಿ ಹೋದ್ವು?"

"ಗುಬ್ಬಿ ಕಡೆ ಹೋಗಿರ್ಬೇಕು," ಎಂದ ಪಟ್ಟಾಭಿ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ಅಮೂಲ್ಯಾ ಇದನ್ನು ಮನಸ್ಸಿನಲ್ಲಿಟ್ಟುಕೊಂಡಳು. ಅದರ ಮೇಲೆ ಒಂದು ಶನಿವಾರ ಮಧ್ಯಾಹ್ನ ಕಾಂಪೌಂಡಿನ ಆಚೆಯಿಂದ ಲಕ್ಷ್ಮೀನರಸಿಂಹಯ್ಯನವರು ಗಂಟಲು ಸರಿಮಾಡಿಕೊಂಡರು.

"ಹೇಳಬಾರದು. ಆದರೆ ಹೇಳದೆ ಇರಬಾರದು. ಈಗಷ್ಟೇ ನಿಲ್ದಾಣದಿಂದ ಬಂದೆ ತಾಯಿ. ನಿಮ್ಮ ಯಜಮಾನರು ಗುಬ್ಬಿ ಬಸ್ಸಿನಲ್ಲಿ ಕರ್ಚೀಫು ಹಾಕಿದರು. ಆದರೆ ಅವರು ಹತ್ತಲಿಲ್ಲ. ಸೌತೇಕಾಯಿ ಗಾಡಿಯ ಮರೆಯಲ್ಲಿ ನಿಂತು ಆ ಸೀಟನ್ನೇ ನೋಡ್ತಾ ಇದ್ರು. ಯಾರೋ ಬರಬೇಕಿತ್ತು ಅಂತ ಕಾಣ್ಸತ್ತೆ. ಬರಲಿಲ್ಲ. ನಾನು ಹೇಳಿದೆ ಅಂತ ಹೇಳಬೇಡಿ."

ಗಂಡಸು ತಾನು ಕೂರದ ಸೀಟನ್ನು ಹಿಡಿಯುವುದು ಇನ್ನೊಬ್ಬರಿಗಾಗಿ. ಇದನ್ನು ತಿಳಿಯಲು ಹೆಡ್‌ಮಾಸ್ತರೇ ಆಗಬೇಕಾಗಿಲ್ಲ. ಅಮೂಲ್ಯಾ ತಂಗಿಗೆ ಫೋನು ಮಾಡಿದಳು. ಕುಣಿಗಲ್‌ನಿಂದ ವಿಜಯೀಂದ್ರನ ಕಾರು ಹೊರಟಿತು. ನ್ಯಾಯ ಹೇಳುವುದು ಅವನ ಎರಡನೆಯ ಹವ್ಯಾಸ.

ಆ ಶನಿವಾರ ನಿಜವಾಗಿ ನಡೆದದ್ದು ಇಷ್ಟು. ಯಜಮಾನನೇ ಇಲ್ಲದಿದ್ದರೆ ಒಂದು ಕರ್ಚೀಫು ಎಲ್ಲಿಯವರೆಗೆ ಸೀಟು ಕಾಯುತ್ತದೆ ಎಂಬುದು ಪಟ್ಟಾಭಿಯ ಅಂತಿಮ ಪ್ರಯೋಗ. ಬೀರುವಿನಲ್ಲಿ ಉಳಿದಿದ್ದದ್ದು ಒಂದೇ ಕರ್ಚೀಫು, ಗುಬ್ಬಿಯ ಅತ್ತೆ ತುಳಸಮ್ಮನವರು ಹಸಿರು ದಾರದಲ್ಲಿ ಗಿಣಿಯನ್ನು ಕಸೂತಿ ಹಾಕಿ ದೀಪಾವಳಿಗೆ ಕೊಟ್ಟದ್ದು. ಗಿಣಿ ನೋಡಲು ಸ್ವಲ್ಪ ಕೋಳಿಯ ಹಾಗಿತ್ತು. ಅಳಿಯನ ಮೇಲಿನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಅದನ್ನೇ ಎಸೆದ. ಅದು ಎರಡನೇ ಕಿಟಕಿಯ ಸೀಟಿನಲ್ಲಿ ಹೋಗಿ ಕೂತಿತು. ಚನ್ನವೀರಯ್ಯ ಸೀಟಿ ಊದಿದರು. ಪಟ್ಟಾಭಿ ಸೌತೇಕಾಯಿ ಗಾಡಿಯ ಮರೆಯಿಂದ ನೋಡುತ್ತಿದ್ದಂತೆ ಬಸ್ಸು, ಬಾಗಿಲಲ್ಲಿ ಜನ ಜೋತಾಡುತ್ತಿದ್ದರೂ ಆ ಒಂದು ಸೀಟು ಖಾಲಿ ಇಟ್ಟುಕೊಂಡು, ಹೊರಟೇ ಹೋಯಿತು. ಪಟ್ಟಾಭಿಯ ಕಣ್ಣು ತುಂಬಿಬಂತು. ವಿಜ್ಞಾನಿಗಳಿಗೆ ಹೀಗೆ ಆಗುತ್ತದೆ. ಗೆಲುವಿಗೆ ಒಂದು ದೋಸೆ ತಿಂದು, ಪಾರ್ಕಿನ ಬೆಂಚಿನ ಮೇಲೆ ಕೂತು ಆ ನಿಯಮವನ್ನು ಗೇಮಿಗೆ ಹೇಗೆ ಸೇರಿಸುವುದೆಂದು ಯೋಚಿಸತೊಡಗಿದ.

ಅವನಿಗೆ ಕಾಣದೆ ಹೋದದ್ದು, ಹಿಂದಿನ ಬಾಗಿಲಿನಿಂದ ಅದೇ ಬಸ್ಸನ್ನು ಹತ್ತಿದ ತುಳಸಮ್ಮನವರು.

ತುಳಸಮ್ಮನವರು ಬೆಳಿಗ್ಗೆ ಮೊಣಕಾಲು ತೋರಿಸಲೆಂದು ತುಮಕೂರಿಗೆ ಬಂದಿದ್ದರು. ಡಾಕ್ಟರು "ಜಾಸ್ತಿ ಹೊತ್ತು ನಿಲ್ಲಬೇಡಿ" ಎಂದಿದ್ದರು. ಜನರನ್ನು ಸರಿಸಿಕೊಂಡು ಮುಂದೆ ಬಂದರೆ ಎದುರಿಗೇ ಖಾಲಿ ಸೀಟು, ಅದರ ಮೇಲೆ ಮಡಚಿ ಬಿದ್ದ ಬಿಳಿ ಕರ್ಚೀಫು. ಗಿಣಿ ಮಡಿಕೆಯ ಒಳಗಿತ್ತು.

"ಯಾರ್ದ್ರೀ ಕರ್ಚೀಫು?" ಎಂದು ಕಂಡಕ್ಟರ್ ಬಸವರಾಜ್ ಕೂಗಿದ.

ನಂದು ಎಂದು ಯಾರೂ ಮುಂದೆ ಬರಲಿಲ್ಲ. ಒಬ್ಬ ಹೇಳಿದ: "ನೀರು ಕುಡಿಯಕ್ಕೆ ಹೋಗಿರ್ಬೇಕು. ಬರ್ತಾರೆ ಬಿಡಿ."

ಬಸ್ಸು ಹೊರಟು ಹೆಗ್ಗೆರೆ ಬಂತು. ನೀರು ಕುಡಿಯಲು ಹೋದವರು ಬರಲಿಲ್ಲ. ಆದರೂ ಕರ್ಚೀಫು ಕರ್ಚೀಫೇ. ಚೀಲ ಹೊತ್ತ ಒಬ್ಬ ದಾಂಡಿಗ, "ಇನ್ನೆಲ್ಲಿ ಬರ್ತಾನೆ? ನಾನೇ ಕೂರ್ತೀನಿ," ಎಂದು ಬಗ್ಗಿದ. ಬಸ್ಸಿನ ತುಂಬ ಗದ್ದಲವೆದ್ದಿತು.

"ಏಯ್, ಕರ್ಚೀಫ್ ಹಾಕವ್ರೆ ಕಾಣ್ಸಕಿಲ್ವಾ?"

"ಬೇರೆಯವ್ರ ಸೀಟಲ್ಲಿ ಕೂರಕ್ಕೆ ನಾಚ್ಕೆ ಆಗಲ್ವೇನ್ರೀ?"

"ಪಾಪ, ಯಾವ ಕಷ್ಟದಾಗೆ ಅವ್ರೋ ಏನೋ. ಕೂತ್ಕಬ್ಯಾಡ ಕಣಪ್ಪ, ಪುಣ್ಯಾತ್ಮ."

ದಾಂಡಿಗ ನೆಟ್ಟಗಾದ. ಎಲ್ಲರಿಗಿಂತ ಜೋರಾಗಿ ನ್ಯಾಯದ ಪರ ನಿಂತವರು ತುಳಸಮ್ಮನವರು. ನಿಂತೇ ಇದ್ದರು. ಎಡಗಾಲಿನ ಮೇಲೆ ಸ್ವಲ್ಪ ಹೊತ್ತು, ಬಲಗಾಲಿನ ಮೇಲೆ ಸ್ವಲ್ಪ ಹೊತ್ತು. ಮಲ್ಲಸಂದ್ರ ದಾಟಿತು. ಸುತ್ತ ಜನ ಒಬ್ಬರ ಕಾಲನ್ನೊಬ್ಬರು ತುಳಿಯುತ್ತ ನಿಂತಿದ್ದರೆ, ನಡುವೆ ಪಟ್ಟಾಭಿಯ ಕರ್ಚೀಫು ಪಟ್ಟಾಭಿಷೇಕ ಮಾಡಿಸಿಕೊಂಡಂತೆ ಕಿಟಕಿಯ ಗಾಳಿ ಸೇವಿಸುತ್ತ ಗುಬ್ಬಿ ತಲುಪಿತು.

ಗುಬ್ಬಿಯಲ್ಲಿ ಎಲ್ಲರೂ ಇಳಿಯುವಾಗ ಬಸವರಾಜ್ ಅದನ್ನೆತ್ತಿ ತುಳಸಮ್ಮನವರ ಕೈಗೆ ಕೊಟ್ಟ. "ತಗೊಳಮ್ಮ. ಅಲ್ಲಿಂದ ನೀವೇ ಕಾವಲು ಕಾದಿದೀರ, ನಿಮ್ಗೇ ಸೇರ್ಬೇಕು."

ತುಳಸಮ್ಮನವರು ಮಡಿಕೆ ಬಿಚ್ಚಿದರು. ಒಳಗಿನಿಂದ ಕೋಳಿಯಂಥ ಗಿಣಿ ಅವರನ್ನೇ ನೋಡಿತು.

ಅವರು ಮನೆಗೆ ಹೋಗಲಿಲ್ಲ. ಎದುರಿಗೆ ತುಮಕೂರಿಗೆ ಹೊರಟು ನಿಂತಿದ್ದ ಬಸ್ಸನ್ನು ಹತ್ತಿದರು. ಆ ಸಿಟ್ಟಿನ ಮುಖ ನೋಡಿದ ಮೂರು ಜನ ಒಟ್ಟಿಗೇ ಎದ್ದು ಸೀಟು ಬಿಟ್ಟರು.

ಪಟ್ಟಾಭಿ ಶಿಳ್ಳೆ ಹಾಕುತ್ತ ಮನೆಗೆ ಬಂದಾಗ ಹಾಲಿನಲ್ಲಿ ನ್ಯಾಯಾಲಯ ಕೂತಿತ್ತು. ಬೆಕ್ಕನ್ನು ಎಬ್ಬಿಸಿ ಈಸಿಚೇರಿನಲ್ಲಿ ವಿಜಯೀಂದ್ರ. ದಿವಾನದ ಮೇಲೆ ಕಾಲು ನೀಡಿಕೊಂಡ ತುಳಸಮ್ಮ, ಪಕ್ಕದಲ್ಲಿ ಬಿಸಿನೀರಿನ ಚೀಲ. ಬಾಗಿಲ ಬಳಿ, ಏನೂ ಹೇಳದವರಂತೆ ಲಕ್ಷ್ಮೀನರಸಿಂಹಯ್ಯ. ಗೋಡೆಗೊರಗಿ ಪ್ರಿಯಾಂಕ. ನಡುವೆ ಟೀಪಾಯಿಯ ಮೇಲೆ, ಸಾಕ್ಷಿಯಾಗಿ, ಗಿಣಿ.

"ಅರೆ, ಅತ್ತೆ! ಯಾವಾಗ ಬಂದ್ರಿ?" ಎಂದ ಪಟ್ಟಾಭಿ ಸಂತೋಷದಿಂದ.

"ಎರಡ್ಸಲ ಬಂದೆ ಅಳಿಯಂದ್ರೇ," ಎಂದರು ತುಳಸಮ್ಮ. "ಒಂದ್ಸಲ ನಿಂತ್ಕೊಂಡು ಹೋದೆ, ಒಂದ್ಸಲ ಕೂತ್ಕೊಂಡು ಬಂದೆ. ಈ ಕರ್ಚೀಫ್ ಗುರುತು ಸಿಗತ್ತಾ?"

"ಓ, ಬಂತಾ! ಗುಬ್ಬಿವರೆಗೂ ಹೋಯ್ತಾ? ಮಧ್ಯ ಯಾರೂ ಕೂರ್ಲಿಲ್ಲ ತಾನೇ?"

"ಕೂರ್ಲಿಲ್ಲ. ನಾನೇ ಬಿಡ್ಲಿಲ್ಲ."

"ಅದ್ಭುತ! ಅತ್ತೆ, ನೀವು ಅದ್ಭುತ!"

ಅಮೂಲ್ಯಾ ತಡೆಯಲಾರದೆ ಮುಂದೆ ಬಂದಳು. "ರೀ, ನೇರವಾಗಿ ಕೇಳ್ತೀನಿ, ನೇರವಾಗಿ ಹೇಳಿ. ಯಾರಿಗೋಸ್ಕರ ಸೀಟ್ ಹಿಡಿದ್ರಿ?"

"ಯಾರಿಗೋಸ್ಕರವೂ ಅಲ್ಲ ಕಣೇ. ಗೇಮಿಗೋಸ್ಕರ."

ವಿಜಯೀಂದ್ರ ಕನಿಕರದಿಂದ ತಲೆಯಾಡಿಸಿದ. "ಪಟ್ಟಾಭಿ ಅಣ್ಣ, ಸುಳ್ಳು ಹೇಳೋದಾದ್ರೆ ನಂಬೋ ಹಂಗೆ ಹೇಳಿ. ಆಫೀಸಿನ ಮೇಡಂಗೆ ಅನ್ನಿ, ಆಡಿಟರ್‌ಗೆ ಅನ್ನಿ. ಗೇಮಿಗೆ ಅಂತೆ!"

"ನಾನು ಸರ್ವಿಸಿನಲ್ಲಿ ಎಷ್ಟೋ ನೆಪ ಕೇಳಿದೀನಿ," ಎಂದರು ಲಕ್ಷ್ಮೀನರಸಿಂಹಯ್ಯ. "ಹೋಂವರ್ಕು ಹಸು ತಿಂತು ಅಂದಿದಾರೆ. ಹಸುವಿಗೂ ಒಂದು ಮರ್ಯಾದೆ ಇತ್ತು."

"ಅಜ್ಜಿ ಮೊಣಕಾಲು ಮುಟ್ಟಿ ಹೇಳಪ್ಪ," ಎಂದಳು ಪ್ರಿಯಾಂಕ. ಅವಳ ಕಣ್ಣು ಮಾತ್ರ ಕೋಣೆಯೊಳಗೆ ಕಾಣುತ್ತಿದ್ದ ಲ್ಯಾಪ್‌ಟಾಪಿನ ಚೀಲದ ಮೇಲಿತ್ತು. ಅಪ್ಪನ ಹೆಸರು ಈ ರೀತಿ ಕೆಟ್ಟರೆ ಹಬ್ಬದವರೆಗೂ ಕಾಯಬೇಕಾಗಿಲ್ಲ ಎಂದು ಲೆಕ್ಕ ಹಾಕಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಬೆವರುತ್ತಿದ್ದರು. ಪಟ್ಟಾಭಿ ಅದಕ್ಕೆ ಹೊರತು; ಅಲ್ಲದೆ ಬೆವರು ಒರೆಸಿಕೊಳ್ಳಲು ಕರ್ಚೀಫೂ ಇರಲಿಲ್ಲ. ಒಳಗೆ ಹೋಗಿ ಲ್ಯಾಪ್‌ಟಾಪ್ ತಂದ. ಗಿಣಿಯನ್ನು ಪಕ್ಕಕ್ಕೆ ಸರಿಸಿ ಟೀಪಾಯಿಯ ಮೇಲಿಟ್ಟು ತೆರೆದ. ಹಬ್ಬಕ್ಕೆಂದು ಬಚ್ಚಿಟ್ಟಿದ್ದನ್ನು ಈಗಲೇ ತೋರಿಸಬೇಕಾಗಿ ಬಂದದ್ದೊಂದೇ ಅವನ ದುಃಖ.

ಪರದೆಯ ಮೇಲೆ ಕೆಂಪನೆಯ ಇಟ್ಟಿಗೆಯೊಂದು ತೆವಳಿಕೊಂಡು ಬಂತು.

"ಏನಿದು, ಗೂಡ್ಸ್ ರೈಲಾ?" ಎಂದ ವಿಜಯೀಂದ್ರ.

"ಬಸ್ಸು. ಅತ್ತೆ, ಈ ಉದ್ದದ ಗುಂಡಿ ಒತ್ತಿ."

ತುಳಸಮ್ಮ ತೋರುಬೆರಳಿನಿಂದ, ಹಪ್ಪಳ ಒಣಗಿದೆಯೇ ಎಂದು ನೋಡುವವರಂತೆ ಒತ್ತಿದರು. ಬಿಳಿ ಚೌಕವೊಂದು ಹಾರಿ ಬಸ್ಸಿನ ಮೇಲಿನಿಂದ ಆಚೆ ಬಿತ್ತು.

"ಹೋಯ್ತು! ಕಿಟಕಿ ಎದುರಿಗೆ ಬರೋ ಮುಂಚೆ ಒತ್ತಿದ್ರಿ."

"ನನಗೆ ಹೇಳ್ಕೊಡ್ತೀರಾ? ಗುಬ್ಬಿಯಿಂದ ತುಮಕೂರು ಕಾಲೇಜಿಗೆ ಓಡಾಡಿದೋಳು ನಾನು." ತುಳಸಮ್ಮ ಬಿಸಿನೀರಿನ ಚೀಲ ಬದಿಗಿಟ್ಟು ಮುಂದಕ್ಕೆ ಜರುಗಿದರು. ಮತ್ತೆ ಒತ್ತಿದರು. ಚೌಕ ಎರಡನೇ ಕಿಟಕಿಯೊಳಗೆ ಬಿತ್ತು. ಪುಟ್ಟ ಪುಟ್ಟ ಜನ ಬಸ್ಸಿಗೆ ನುಗ್ಗಿ, ಆ ಸೀಟಿನ ಬಳಿ ಬಂದು, ನಿಂತರು. ಲ್ಯಾಪ್‌ಟಾಪಿನೊಳಗಿನಿಂದ ಪಟ್ಟಾಭಿಯದೇ ದನಿ, ಮೂಗು ಹಿಡಿದುಕೊಂಡು ಬದಲಾಯಿಸಿದ್ದು, ಹೊರಬಂತು: "ನೀರು ಕುಡಿಯಕ್ಕೆ ಹೋಗಿರ್ಬೇಕು. ಬರ್ತಾರೆ ಬಿಡಿ."

ತುಳಸಮ್ಮ ಬೆಚ್ಚಿಬಿದ್ದರು. "ಅಮೂಲ್ಯಾ, ಇದೇ ಮಾತು ಕಣೇ! ಬಸ್ಸಲ್ಲೂ ಹಿಂಗೇ ಅಂದ್ರು!"

"ನಿಲ್ದಾಣದಲ್ಲಿ ದಿನಾ ಅಂತಾರೆ ಅತ್ತೆ. ಅದಕ್ಕೇ ಹಾಕಿದೀನಿ. ಯಾರೂ ಬರ್ದೆ ಇದ್ರೂ ಕರ್ಚೀಫು ಎಲ್ಲಿವರೆಗೂ ತಡೆಯತ್ತೆ ಅನ್ನೋದೊಂದು ಗೊತ್ತಿರ್ಲಿಲ್ಲ. ಇವತ್ತು ನಿಮ್ಮಿಂದ ಗೊತ್ತಾಯ್ತು."

ಅಮೂಲ್ಯಾ ಪರದೆಯನ್ನು ನೋಡಿದಳು. ನೀರು ಕುಡಿಯಲು ಹೋದವರಿಗಾಗಿ ಭಕ್ತಿಯಿಂದ ಕಾದು ನಿಂತ ಪುಟ್ಟ ಜನರನ್ನು ನೋಡಿದಳು. ಗಂಡನ ಮುಖ ನೋಡಿದಳು. ಈ ಮನುಷ್ಯ ಇನ್ನೊಬ್ಬಳಿಗೆ ಸೀಟು ಹಿಡಿಯುವಷ್ಟು ಜಾಣನಲ್ಲ ಎಂಬ ಸತ್ಯ ಮಿಂಚಿನಂತೆ ಹೊಳೆದು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

"ಅಂದ್ರೆ ನನ್ನ ಮೊಣಕಾಲು ನಿಮ್ಮ ಗೇಮಿಗೆ ಬಲಿ ಕೊಟ್ರಿ ಅನ್ನಿ," ಎಂದರು ತುಳಸಮ್ಮ, ಗುಂಡಿಯಿಂದ ಬೆರಳು ತೆಗೆಯದೆ. "ಹಂಗಾದ್ರೆ ಕೇಳಿ. ಇದ್ರಲ್ಲಿ ಮೊಣಕಾಲು ನೋವಿರೋ ಒಬ್ಳು ಅಜ್ಜೀನ ಹಾಕ್ಬೇಕು. ಅವ್ಳು ಬಂದ್ರೆ ಯಾವ ಕರ್ಚೀಫೂ ನಡೆಯಕೂಡ್ದು."

"ಹಾಕಿದೆ ಅನ್ಕೊಳಿ ಅತ್ತೆ."

"ಸ್ವಲ್ಪ ಸರೀರಿ, ನಾನೊಂದ್ಸಲ ನೋಡ್ತೀನಿ," ಎಂದ ವಿಜಯೀಂದ್ರ.

"ನ್ಯಾಯ ಹೇಳಕ್ಕೆ ಬಂದೋರು ಸುಮ್ನೆ ಕೂತ್ಕೊಳಿ," ಎಂದು ತುಳಸಮ್ಮ ಅವನ ಕೈ ತಳ್ಳಿದರು.

ಲಕ್ಷ್ಮೀನರಸಿಂಹಯ್ಯನವರು ಬಾಗಿಲಿನಿಂದ ಒಂದೊಂದೇ ಹೆಜ್ಜೆ ಒಳಗೆ ಬಂದಿದ್ದರು. "ಒಟ್ಟು ಹದಿನೇಳು ಸೀಟು ಇಟ್ಟಿದ್ದರೆ ಮಗ್ಗಿಗೂ ಅನುಕೂಲವಾಗ್ತಿತ್ತು," ಎಂದರು ಮೆಲ್ಲಗೆ.

ಗೌರಿ ಹಬ್ಬ ಬಂತು. ಬಾಗಿನದ ಮೊರ ಹಿಡಿದುಕೊಂಡು ತುಳಸಮ್ಮ ಎರಡು ದಿನ ಮುಂಚೆಯೇ ಬಂದಿಳಿದರು. ಮಗಳನ್ನು ನೋಡಲು ಎಂದು ಎಲ್ಲರಿಗೂ ಹೇಳಿದರು. ಕುಣಿಗಲ್‌ನವರೆಲ್ಲ ಬಂದರು. ಪಟ್ಟಾಭಿಯ ಗೇಮಿನಲ್ಲಿ ಈಗ ಬಸ್ಸು ಬಸ್ಸಿನಂತೆಯೇ ಇತ್ತು, ಮೂಗಿನಲ್ಲಿ ಕೂಗುವ ಕಂಟ್ರೋಲರ್ ಇದ್ದ, ಮೊಣಕಾಲು ಹಿಡಿದುಕೊಂಡು ಹತ್ತುವ ಅಜ್ಜಿಯೂ ಇದ್ದಳು. ಅಜ್ಜಿಯ ಸೀರೆಗೆ ಹಸಿರು ಗಿಣಿಗಳಿದ್ದವು, ಗಿಣಿಗಳು ಕೋಳಿಗಳಂತಿದ್ದವು. ವಿಜಯೀಂದ್ರ ಆಡಿದ, ಸೋತ, ಆಡಿದ, ಸೋತ. ಕಿಟಕಿ ಸಣ್ಣದಾಯಿತು ಎಂದು ದೂರಿದ. ಅವನ ಹಾಬಿಯ ಬಗ್ಗೆ ಆ ದಿನ ಯಾರೂ ಕೇಳಲಿಲ್ಲ.

ಆಟ ಮುಗಿದು ಲ್ಯಾಪ್‌ಟಾಪು ಕೋಣೆ ಸೇರಿದ ಮೇಲೆ ಅಮೂಲ್ಯಾ ಎಲ್ಲರೆದುರು ತೀರ್ಪು ಕೊಟ್ಟಳು. "ಮಾತು ಅಂದ್ರೆ ಮಾತು. ಗೇಮು ತೋರಿಸಿದಾರೆ. ಲ್ಯಾಪ್‌ಟಾಪು ಇವ್ರದ್ದೇ."

ಪ್ರಿಯಾಂಕಳ ಮುಖ ಕಡುಬಿನಂತೆ ಉಬ್ಬಿತು. ಪಟ್ಟಾಭಿಯ ಎದೆಯೂ ಉಬ್ಬಿತು, ಆದರೆ ಬೇರೆ ಕಾರಣಕ್ಕೆ. ತನ್ನದು ಎಂದು ಲೋಕವೇ ಒಪ್ಪಿದ ವಸ್ತುವನ್ನು ತರಲು ಅವನು ಗಂಭೀರವಾಗಿ ಎದ್ದು ಕೋಣೆಗೆ ಹೋದ. ಹೋದವನು ಅಲ್ಲೇ ನಿಂತ.

ಹಿಂದೆಯೇ ಬಂದ ವಿಜಯೀಂದ್ರ, "ಏನಾಯ್ತು?" ಎಂದ. ಅವನೂ ನಿಂತ. ಪ್ರಿಯಾಂಕ ಬಂದಳು, ನಿಂತಳು.

ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ, ನಟ್ಟನಡುವೆ, ಅಚ್ಚುಕಟ್ಟಾಗಿ ಮಡಚಿದ ಬಿಳಿ ಕರ್ಚೀಫೊಂದು ಕೂತಿತ್ತು. ಈ ಸಲ ಗಿಣಿ ಎಲ್ಲರಿಗೂ ಕಾಣುವ ಹಾಗೆ ಮೇಲೇ ಇತ್ತು. ಅಡುಗೆಮನೆಯಿಂದ ತುಳಸಮ್ಮನವರು ಕಡುಬು ಹಬೆಗಿಡುವ ಸದ್ದು ಕೇಳುತ್ತಿತ್ತು.

ವಿಜಯೀಂದ್ರ ಮೆಲ್ಲಗೆ ಕೈ ಚಾಚಿದ.

"ಏಯ್!" ಎಂದು ಪಟ್ಟಾಭಿ ಗದರಿದ. "ಕರ್ಚೀಫ್ ಹಾಕಿರೋದು ಕಾಣ್ಸಲ್ವಾ?"

ವಿಜಯೀಂದ್ರ ಕೈ ಹಿಂದಕ್ಕೆಳೆದುಕೊಂಡ. ಮೂವರೂ ಕಾಲು ಬದಲಾಯಿಸಿಕೊಂಡು ನಿಂತರು. ಸ್ವಲ್ಪ ಹೊತ್ತಾದ ಮೇಲೆ ಪಟ್ಟಾಭಿಯೇ, ಬಸ್ಸಿನಲ್ಲಿ ನಿಂತವನ ತಾಳ್ಮೆಯಿಂದ ಹೇಳಿದ:

"ಕಡುಬು ಇಡಕ್ಕೆ ಹೋಗಿರ್ಬೇಕು. ಬರ್ತಾರೆ ಬಿಡಿ."